ಜಿಪ್ಸಿಯ ಮುಂದಿನ ಆಕ್ಸಲ್: ಶಾಫ್ಟ್ ಬದಲಿಸಿದರೆ ಸಾಕೇ?

ಪ್ರಶ್ನೆ:
ನನ್ನ ಮಾರುತಿ ಜಿಪ್ಸಿಗೆ 31 ಇಂಚಿನ ಟೈರುಗಳನ್ನೂ ಮುಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ಗೆ ಆ ಎರಡನ್ನೂ ಒಂದೇ ವೇಗದಲ್ಲಿ ತಿರುಗಿಸುವ ಲಾಕರನ್ನೂ ಹಾಕಿಸಿದ ಮೇಲೆ, ಸಕಲೇಶಪುರದ ಕಲ್ಲುದಾರಿಯೊಂದರಲ್ಲಿ ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಏರು ಹತ್ತಿಸುವಾಗ ಬಲಗಡೆಯ ಬರ್ಫೀಲ್ಡ್ ಜಾಯಿಂಟ್ (ಶಾಫ್ಟಿನ ಶಕ್ತಿಯನ್ನು ಪಕ್ಕಕ್ಕೆ ತಿರುಗುವ ಚಕ್ರಕ್ಕೆ ಮುಟ್ಟಿಸುವ ಕೀಲು) ಎರಡನೆಯ ಸಲ ಮುರಿಯಿತು. ಆಕ್ಸಲಿನೊಳಗೆ ಕ್ರೋಮೊಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಗಟ್ಟಿ ಉಕ್ಕು) ಶಾಫ್ಟ್ ಹಾಕಿದರೆ ಸಾಕೇ, ಅಥವಾ ಟೊಯೊಟಾದ ಇಡೀ ಆಕ್ಸಲನ್ನೇ ಕೂರಿಸಬೇಕೇ?

ಉತ್ತರ 1:
ಶಾಫ್ಟ್, ಜಾಯಿಂಟ್ ಎರಡನ್ನೂ ಒಟ್ಟಿಗೇ ಕ್ರೋಮೊಲಿಯವುಗಳಿಗೆ ಬದಲಿಸಿ. ಶಾಫ್ಟನ್ನು ಮಾತ್ರ ಗಟ್ಟಿ ಮಾಡಿದರೆ ಪೆಟ್ಟೆಲ್ಲ ಜಾಯಿಂಟಿನ ಮೇಲೆಯೇ ಬೀಳುತ್ತದೆ. ಸ್ಟೀರಿಂಗಿನಿಂದ ಚಕ್ರ ಪಕ್ಕಕ್ಕೆ ತಿರುಗಿದಷ್ಟೂ ಜಾಯಿಂಟಿನೊಳಗಿನ ಗುಂಡುಗಳು ಅವನ್ನು ಹಿಡಿದಿರುವ ಬಟ್ಟಲಿನ ಅಂಚಿಗೆ ಸರಿಯುವುದರಿಂದ, ಆ ಸ್ಥಿತಿಯಲ್ಲಿ ಆಕ್ಸಿಲರೇಟರ್ ತುಳಿದರೆ ಬಟ್ಟಲೇ ಬಿರಿಯುತ್ತದೆ.

ಉತ್ತರ 2:
ಟೊಯೊಟಾ ಆಕ್ಸಲ್ ಖಂಡಿತ ಗಟ್ಟಿ. ಆದರೆ ಅದು ಅಗಲ, ತೂಕ ಎರಡರಲ್ಲೂ ಹೆಚ್ಚು, ಚಕ್ರಕ್ಕೆ 5ರ ಬದಲು 6 ಬೋಲ್ಟು, ಹಾಗಾಗಿ ಹಿಂಬದಿಯ ಆಕ್ಸಲನ್ನೂ ಬದಲಿಸಬೇಕಾಗುತ್ತದೆ. ರಸ್ತೆಯಲ್ಲಿ ಓಡಿಸುವ ಗಾಡಿಯಾದರೆ ಗಾಡಿಯ ಮೂಲ ರಚನೆ ಬದಲಿಸುವುದನ್ನು ನಿರ್ಬಂಧಿಸುವ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನೂ ಗಮನಿಸಿ. 31 ಇಂಚಿಗೆ ಅಷ್ಟು ದೂರ ಹೋಗುವುದು ಅನಗತ್ಯವೆಂದೇ ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಜಾಯಿಂಟನ್ನು ಒಳಗೊಂಡ ನಕಲ್ (ಚಕ್ರ ಪಕ್ಕಕ್ಕೆ ತಿರುಗುವ ಗೆಣ್ಣು) ಬಿಚ್ಚಿದಾಗ ಗ್ರೀಸ್ ನೀರು ಸೇರಿ ಮಜ್ಜಿಗೆಯಂತೆ ಬೆಳ್ಳಗಾಗಿತ್ತು.

ಉತ್ತರ 1:
ಹಾಗಾದರೆ ಹೊಸ ಜಾಯಿಂಟ್ ಕೂರಿಸುವ ಮೊದಲು ನಕಲ್‌ನ ನೀರು ತಡೆಯುವ ಸೀಲುಗಳನ್ನೂ ಅದು ತಿರುಗಲು ಆಧಾರವಾದ ಕಿಂಗ್‌ಪಿನ್ ಬೇರಿಂಗುಗಳನ್ನೂ ತಪ್ಪದೆ ಬದಲಿಸಿ.