‘ತೀರ್ಪು’ ಒಂದೇ ಪದ ಸಾಕಾ? ‘ರೂಲಿಂಗ್’ಗೆ ಕನ್ನಡದಲ್ಲಿ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ.

‘ಹೈಕೋರ್ಟ್ ತೀರ್ಪು’ ಅಂತ ಓದಿದಾಗ ನನಗೆ ಪ್ರತಿ ಸಲ ಒಂದು ಗೊಂದಲ. ಆ ಮಾತಿನಲ್ಲಿ ಎರಡು ಬೇರೆ ಸಂಗತಿ ಇವೆ. ಆ ಕೇಸಿನಲ್ಲಿ ಯಾರು ಗೆದ್ದರು, ಯಾರಿಗೆ ಎಷ್ಟು ಪಾಲು ಬಂತು ಅನ್ನುವುದು ಒಂದು. ಅದು ಆ ಕಕ್ಷಿದಾರರಿಗೆ ಮಾತ್ರ ಸೇರಿದ್ದು. ಹಾಗೆ ತೀರ್ಮಾನಿಸಲು ಜಡ್ಜ್ ಕಾನೂನನ್ನು ಹೇಗೆ ಅರ್ಥ ಮಾಡಿಕೊಂಡರು ಅನ್ನುವುದು ಇನ್ನೊಂದು. ರಾಜ್ಯದ ಕೆಳಗಿನ ಕೋರ್ಟುಗಳೆಲ್ಲ ಪಾಲಿಸಬೇಕಾದ್ದು ಇದನ್ನು, ‘ರೂಲಿಂಗ್’ ಅಂತ ನಾನು ಹೇಳುತ್ತಿರುವುದೂ ಇದನ್ನೇ. ಎರಡಕ್ಕೂ ನಾವು ‘ತೀರ್ಪು’ ಅಂತಲೇ ಬರೆಯುತ್ತೇವೆ.

‘ತೀರು’ ಅನ್ನುವುದರಿಂದ ಬಂದ ಪದ ಅದು, ಜಗಳ ಮುಗಿಯಿತು ಅಂತ ಅರ್ಥ. ಮೊದಲನೆಯದಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ ಎರಡನೆಯದು ಮುಗಿಯುವುದೇ ಇಲ್ಲ, ಅಲ್ವಾ? ಯಾರದೋ ಕೇಸಿನಲ್ಲಿ ಹೇಳಿದ ಮಾತು ನಾಳೆ ಇನ್ನೊಬ್ಬರ ಜಮೀನಿನ ದಾವೆಯನ್ನೇ ತಿರುಗಿಸಿಬಿಡುತ್ತದೆ.

ಹೆಣ್ಣುಮಕ್ಕಳ ಪಾಲಿನ ವಿಷಯವನ್ನೇ ನೋಡಿ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟ, ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದದ್ದು 2005ರ ಸೆಪ್ಟೆಂಬರ್ 9ಕ್ಕೆ. ಆಗ ಕೋರ್ಟಿನಲ್ಲಿ ಬಾಕಿ ಇದ್ದ ದಾವೆಗಳಿಗೂ ಅದು ಅನ್ವಯಿಸುತ್ತದೆ ಅಂತ ನಮ್ಮ ಹೈಕೋರ್ಟ್ ಫೂಲವತಿ ಪ್ರಕರಣದಲ್ಲಿ ಹೇಳಿತು. 2015ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ಆ ದಿನ ತಂದೆ ಬದುಕಿದ್ದರೆ ಮಾತ್ರ ಮಗಳಿಗೆ ಈ ಹಕ್ಕು ಅಂದಿತು. ಮತ್ತೆ 2020ರ ಆಗಸ್ಟ್ 11ರಂದು, ಸುಪ್ರೀಂ ಕೋರ್ಟಿನದೇ ವಿನೀತಾ ಶರ್ಮಾ ಪ್ರಕರಣದಲ್ಲಿ, ತಂದೆ ಬದುಕಿರಬೇಕಾಗಿಲ್ಲ, ಈ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು ಅಂತಾಯಿತು. ಪಾಲು ಇಷ್ಟಿಷ್ಟು ಅಂತ ಮೊದಲ ಡಿಕ್ರಿ ಆಗಿ, ಎಫ್‌ಡಿಪಿ (ಕೊನೆಯ ಡಿಕ್ರಿಗಾಗಿ ನಡೆಯುವ ಪ್ರಕ್ರಿಯೆ) ಹಂತದಲ್ಲಿ ನಿಂತಿದ್ದ ಕೇಸುಗಳಲ್ಲೂ ಹೆಣ್ಣುಮಕ್ಕಳ ಪಾಲನ್ನು ಹೊಸದಾಗಿ ಲೆಕ್ಕ ಹಾಕಬೇಕಾಯಿತು. ಆ ಮನೆಗಳ ಯಾರೂ ದೆಹಲಿಗೆ ಹೋಗಿ ವಾದ ಮಾಡಿರಲಿಲ್ಲ. ಇಂಥ ಕಡೆ ‘ತೀರ್ಪು ಬಂತು’ ಅಂದರೆ ಜನರಿಗೆ ಏನು ತಿಳಿಯಬೇಕು? ‘ಅದು ಅವರ ಕೇಸು, ನಮಗೇನು’ ಅಂದುಕೊಂಡು ಹಕ್ಕು ಬಿಟ್ಟುಕೊಡುವವರು ಇರುತ್ತಾರೆ. ‘ಸುಪ್ರೀಂ ಕೋರ್ಟೇ ಹೇಳಿದೆ, ನನಗೂ ಸಿಕ್ಕೇ ಸಿಗುತ್ತೆ’ ಅಂತ ನಂಬುವವರೂ ಇರುತ್ತಾರೆ. ಎರಡೂ ಕಷ್ಟ. ಎದುರಿನ ವಕೀಲರು ‘ಆ ಕೇಸಿನ ಸಂಗತಿಗಳೇ ಬೇರೆ’ ಅಂತ ತೋರಿಸಿಬಿಟ್ಟರೆ ಆ ತೀರ್ಪು ನಮ್ಮ ನೆರವಿಗೆ ಬರುವುದಿಲ್ಲ.

ಕಾನೂನಿನಲ್ಲಿ ಈ ವ್ಯತ್ಯಾಸಕ್ಕೆ ಜಾಗ ಇದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 2ನೇ ಸೆಕ್ಷನ್ ಪ್ರಕಾರ ಹಕ್ಕು ಯಾರದು ಅಂತ ನಿರ್ಧರಿಸುವುದು ಡಿಕ್ರಿ, ಅದಕ್ಕೆ ಜಡ್ಜ್ ಕೊಡುವ ಕಾರಣ ಜಡ್ಜ್‌ಮೆಂಟ್. ಕೋರ್ಟಿಗೆ ಅಲೆದವರ ಬಾಯಲ್ಲೂ ಇದು ಸ್ಪಷ್ಟ: ‘ಡಿಕ್ರಿ ಆಯ್ತು’, ‘ಸ್ಟೇ ತಂದ್ರು’, ‘ಇದಕ್ಕೆ ಹೈಕೋರ್ಟ್ ರೂಲಿಂಗ್ ಇದೆ’. ಪತ್ರಿಕೆಗೆ ಬರುವಷ್ಟರಲ್ಲಿ ಎಲ್ಲವೂ ತೀರ್ಪು, ಕೆಲವು ಸಲ ಮಧ್ಯಂತರ ಆದೇಶ ಕೂಡ.

‘ಪೂರ್ವನಿದರ್ಶನ’ ಇದೆಯಲ್ಲ ಅನ್ನಬಹುದು. ಅದು ಪುಸ್ತಕದಲ್ಲಿ ಉಳಿದ ಪದ, ಹಿಂದೆ ಹೀಗೊಂದು ನಡೆದಿತ್ತು ಅನ್ನುವಷ್ಟೇ ಅರ್ಥ ಕೊಡುತ್ತದೆ. ನನಗೆ ಜಾಸ್ತಿ ಇಷ್ಟವಾಗಿದ್ದು ‘ಮೇಲ್ಪಂಕ್ತಿ’. ಮೇಲೆ ಬರೆದುಕೊಟ್ಟ ಸಾಲನ್ನು ನೋಡಿ ಕೆಳಗೆ ತಿದ್ದುವುದು, ಮೇಲಿನ ಕೋರ್ಟು ಕೆಳಗಿನ ಕೋರ್ಟು ಅನ್ನುವುದಕ್ಕೆ ತಾನಾಗಿ ಕೂಡುತ್ತದೆ. ಆದರೆ ಮೇಲ್ಪಂಕ್ತಿಯನ್ನು ನಾವು ಮೆಚ್ಚಿ ಅನುಸರಿಸುತ್ತೇವೆ, ಅದರಲ್ಲಿ ಕಡ್ಡಾಯ ಇಲ್ಲ. ಬೇರೆ ರಾಜ್ಯದ ಹೈಕೋರ್ಟ್ ಹೇಳಿದ್ದನ್ನು ಇಲ್ಲಿನ ಜಡ್ಜ್ ಒಪ್ಪಬಹುದು, ಬಿಡಬಹುದು. ಅದಕ್ಕೆ ಈ ಪದ ಸರಿಹೋಗುತ್ತದೆ. ನಮ್ಮದೇ ಹೈಕೋರ್ಟ್ ಹೇಳಿದ್ದಕ್ಕೆ ಸಾಲದು.

ಕಡ್ಡಾಯ ಅನ್ನುವ ಭಾವ ಇರುವ, ಕಕ್ಷಿದಾರರಿಗೂ ಅರ್ಥವಾಗುವ ಪದ ನಿಮಗೆ ಗೊತ್ತಾ? ಹಳೆಯ ಮೈಸೂರು ಕೋರ್ಟಿನ ಕಾಗದಗಳಲ್ಲೋ ಧಾರವಾಡ, ಮಂಗಳೂರು ಕಡೆಯ ವಕೀಲರ ಮಾತಿನಲ್ಲೋ ಏನಾದರೂ ಬಳಕೆ ಇದ್ದರೆ ವಾಕ್ಯದ ಸಮೇತ ತಿಳಿಸಿ. ಇಲ್ಲದಿದ್ದರೆ ‘ರೂಲಿಂಗ್’ ಅನ್ನೇ ಕನ್ನಡದ ಪದ ಅಂತ ಒಪ್ಪಿ ಪತ್ರಿಕೆಗಳೂ ಬರೆಯಲಿ ಅಂತ ನನ್ನ ಅಭಿಪ್ರಾಯ. ನೀವೇನಂತೀರಿ?