ಚೆನ್ನಾಗಿ ಇಟ್ಟುಕೊಂಡಿರುವ 2021ರ ಯೂನಿಕಾರ್ನ್‌ಗೆ ಎಷ್ಟು ರೇಟ್ ಹೇಳಬೇಕು? ಬಂದವರೆಲ್ಲ ನೋಡಿಕೊಂಡು ಹೋಗುತ್ತಿದ್ದಾರೆ

ಮಲ್ನಾಡ್_ಯೂನಿಕಾರ್ನ್ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ನನ್ನದು ಹೋಂಡಾ ಯೂನಿಕಾರ್ನ್, ಬಿಎಸ್6, 2021ರ ಏಪ್ರಿಲ್ ರಿಜಿಸ್ಟ್ರೇಶನ್, ಕೆಎ-14. ಸಿಂಗಲ್ ಓನರ್. ಓಡಿದ್ದು 31 ಸಾವಿರ ಕಿಲೋಮೀಟರ್. ಒಂದು ಸರ್ವಿಸ್ ಕೂಡ ತಪ್ಪಿಸಿಲ್ಲ, ಎಲ್ಲದರ ಬಿಲ್ ಇದೆ. ಬಿದ್ದಿಲ್ಲ, ಪೇಂಟ್ ಒರಿಜಿನಲ್. ಕ್ರ್ಯಾಶ್ ಗಾರ್ಡ್, ಒಳ್ಳೆ ಸೀಟ್ ಕವರ್, ಫೋನ್ ಹೋಲ್ಡರ್, ಎಲ್‌ಇಡಿ ಫಾಗ್ ಲೈಟ್ ಎಲ್ಲ ಹಾಕಿಸಿದ್ದೇನೆ.

95 ಸಾವಿರ ಅಂತ ಜಾಹೀರಾತು ಹಾಕಿದ್ದೇನೆ. ಈಗ ಡಿಸೆಂಬರ್ ಬಂತು, ಫೋನ್ ಬರುತ್ತವೆ, ಬಂದು ನೋಡುತ್ತಾರೆ, ಒಂದು ರೌಂಡ್ ಓಡಿಸಿ "ಹೇಳ್ತೀನಿ" ಅಂತ ಹೋಗುತ್ತಾರೆ, ಅಷ್ಟೇ. ಆನ್‌ಲೈನ್ ಕಂಪನಿಯೊಂದು ಮನೆಗೇ ಬಂದು ನೋಡಿ 58 ಸಾವಿರ ಅಂದಿತು. ಇನ್ಶೂರೆನ್ಸ್‌ನಲ್ಲಿ ಐಡಿವಿ (ಅವರು ಗಾಡಿಗೆ ಹಿಡಿದ ಬೆಲೆ) 56 ಸಾವಿರ ಇದೆ. 95ಕ್ಕೂ 58ಕ್ಕೂ ಎಷ್ಟು ವ್ಯತ್ಯಾಸ ನೋಡಿ! ಹಾಗಾದರೆ ನ್ಯಾಯವಾದ ಬೆಲೆ ಯಾವುದು? ಕೊಳ್ಳುವವರಿಗೆ ಮೋಸ ಮಾಡೋ ಆಸೆ ಇಲ್ಲ, ಹಾಗಂತ ಇಷ್ಟು ಜೋಪಾನ ಮಾಡಿದ ಗಾಡಿಯನ್ನು ಸುಮ್ನೆ ಬಿಟ್ಟುಕೊಡಲೂ ಮನಸ್ಸಿಲ್ಲ.

ಇನ್ನೊಂದು ವಿಷಯ, ಲೋನ್ ತೀರಿದೆ. ಬ್ಯಾಂಕಿನ ಎನ್‌ಓಸಿ (ಬಾಕಿ ಇಲ್ಲ ಅನ್ನೋ ಪತ್ರ) ಕೈಯಲ್ಲಿದೆ. ಆರ್‌ಸಿಯಲ್ಲಿ ಬ್ಯಾಂಕ್ ಹೆಸರು ಇನ್ನೂ ಇದೆ.

ದಾವಣಗೆರೆ_ರೈಡರ್

ನಿಮ್ಮ ಗಾಡಿಯಲ್ಲಿ ತೊಂದರೆ ಇಲ್ಲ ಸರ್. ತೊಂದರೆ ಎರಡು ಕಡೆ ಇದೆ: ರೇಟ್ ಮತ್ತು ಆರ್‌ಸಿ.

ಮೊದಲು ರೇಟ್. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅಂದರೆ ತೆರಿಗೆ ಸೇರಿ 128 ರೂಪಾಯಿ ಇದ್ದದ್ದು 118 ಆಯಿತು, ಶೋರೂಮ್ ಬೆಲೆಯಲ್ಲಿ ಸುಮಾರು ಶೇ 8 ಇಳಿಕೆ. ಯೂನಿಕಾರ್ನ್ ಲೆಕ್ಕದಲ್ಲಿ ಅದು ಹತ್ತಿರ ಹತ್ತಿರ ಒಂಬತ್ತು ಸಾವಿರ. ಶೋರೂಮ್ ಬೆಲೆ ಇಳಿದರೆ ಅದರ ಮೇಲೆ ಹಾಕುವ ಲೈಫ್ ಟ್ಯಾಕ್ಸ್ ಕೂಡ ಇಳಿಯುತ್ತೆ, ಹಾಗಾಗಿ ಆನ್ ರೋಡ್‌ನಲ್ಲಿ ಇನ್ನೂ ಸ್ವಲ್ಪ ಜಾಸ್ತಿಯೇ ಕಡಿಮೆ. ನಿಮ್ಮ 95 ಸಾವಿರ ಹಳೆ ರೇಟ್ ನೋಡಿ ಹೇಳಿದ್ದು ಅನ್ನಿಸುತ್ತೆ. 95 ಸಾವಿರ ಕೈಯಲ್ಲಿ ಹಿಡಿದುಕೊಂಡು ಬಂದವನು ಏನು ಯೋಚಿಸುತ್ತಾನೆ ಹೇಳಿ. ಇನ್ನೊಂದು ಸ್ವಲ್ಪ ಲೋನ್ ಮಾಡಿದರೆ ಹೊಸದೇ ಬರುತ್ತೆ, ವಾರಂಟಿ ಜೊತೆಗೆ. ಅಲ್ವಾ? ಅದಕ್ಕೇ "ಹೇಳ್ತೀನಿ" ಅಂತ ಹೋಗಿ ಸೀದಾ ಶೋರೂಮಿಗೆ ಹೋಗುತ್ತಾನೆ.

ಐಡಿವಿ ಹಿಡಿದುಕೊಂಡು ಕೂರಬೇಡಿ. ಅದು ಇನ್ಶೂರೆನ್ಸ್‌ನವರ ಸವಕಳಿ ಲೆಕ್ಕ. ಎರಡರಿಂದ ಮೂರು ವರ್ಷಕ್ಕೆ ಶೇ 30, ನಾಲ್ಕು ದಾಟಿ ಐದರೊಳಗೆ ಶೇ 50 ಕಳೆಯುತ್ತಾರೆ. ಗಾಡಿ ಹೇಗಿದೆ ಅಂತ ಯಾರೂ ಬಂದು ನೋಡಿರೋದಿಲ್ಲ, ರೋಡ್ ಟ್ಯಾಕ್ಸ್ ಕೂಡ ಅದರಲ್ಲಿ ಸೇರಿಲ್ಲ. ನಮ್ಮ ರಾಜ್ಯದಲ್ಲಿ ಲೈಫ್ ಟ್ಯಾಕ್ಸ್ ಎಷ್ಟು ಭಾರ ಅಂತ ಗೊತ್ತಲ್ಲ, ಅದನ್ನು ನೀವು ಆಗಲೇ ಕಟ್ಟಿಬಿಟ್ಟಿದ್ದೀರಿ. ಹಾಗಾಗಿ ಚೆನ್ನಾಗಿರೋ ಯೂನಿಕಾರ್ನ್ ಐಡಿವಿಗಿಂತ ಮೇಲೇ ಹೋಗುತ್ತೆ.

ಆನ್‌ಲೈನ್ ಕಂಪನಿ ಹೇಳಿದ 58 ಕೂಡ ಮಾರುಕಟ್ಟೆ ರೇಟ್ ಅಲ್ಲ. ಅವರು ಅದನ್ನು ತೊಳೆದು, ರಿಪೇರಿ ಮಾಡಿ, ಜಾಗದ ಬಾಡಿಗೆ ಕೊಟ್ಟು, ಲಾಭದ ಮೇಲೆ ಜಿಎಸ್‌ಟಿ ಕಟ್ಟಿ ಮಾರಬೇಕು. ಅಷ್ಟನ್ನೂ ಕಳೆದು ನಿಮಗೆ ಹೇಳುತ್ತಾರೆ. ಅವರನ್ನು ಬೈಯೋದರಲ್ಲಿ ಅರ್ಥ ಇಲ್ಲ. ಇವತ್ತೇ ದುಡ್ಡು ಬೇಕು, ಯಾರ ಜೊತೆಯೂ ಚೌಕಾಸಿ ಬೇಡ ಅನ್ನೋರಿಗೆ ಅದು ಸರಿಯಾದ ದಾರಿ. ನಿಮಗೆ ಅಂಥ ಅವಸರ ಇದ್ದಂತಿಲ್ಲ.

ನಾನು ಬೆಲೆ ಹಿಡಿಯೋದು ಹೀಗೆ. ನಿಮ್ಮೂರಲ್ಲಿ ಸೆಕೆಂಡ್ ಹ್ಯಾಂಡ್ ಬೈಕ್ ಮಾರೋ ಎರಡು ಮೂರು ಕಡೆಗೆ ಕೊಳ್ಳುವವರಾಗಿ ಫೋನ್ ಮಾಡಿ. "2021ರ ಯೂನಿಕಾರ್ನ್ ಇದೆಯಾ, ಸಿಂಗಲ್ ಓನರ್, ಮೂವತ್ತು ಸಾವಿರದ ಆಸುಪಾಸು ಓಡಿರಬೇಕು, ಲಾಸ್ಟ್ ಎಷ್ಟು?" ಅಂತ ಕೇಳಿ. ಆಮೇಲೆ ಬೇರೆ ಎರಡು ಕಡೆ ಮಾರುವವರಾಗಿ ನಿಮ್ಮದನ್ನು ತೋರಿಸಿ. ಈ ಎರಡು ಅಂಕಿಗಳ ಮಧ್ಯದಲ್ಲೇ ನಿಮ್ಮ ಬೆಲೆ ಇದೆ. ನಿಮ್ಮ ಥರದ ಗಾಡಿ ಆ ಮಧ್ಯದಿಂದ ಮೇಲ್ಗಡೆ ನಿಲ್ಲುತ್ತೆ, ಆದರೆ ಅಂಗಡಿಯವನ ರೇಟ್ ದಾಟೋದಿಲ್ಲ, ಯಾಕೆಂದರೆ ಅಂಗಡಿಯಲ್ಲಿ ಪೇಪರ್ ಕೆಲಸ ಅವನೇ ಮಾಡಿಸಿಕೊಡುತ್ತಾನೆ, ಲೋನೂ ಮಾಡಿಸುತ್ತಾನೆ.

ಆನ್‌ಲೈನ್ ಜಾಹೀರಾತುಗಳನ್ನೂ ನೋಡಿ, ಆದರೆ ಬರೀ ರೇಟ್ ನೋಡಬೇಡಿ, ಎಷ್ಟು ದಿನದಿಂದ ಇದೆ ಅಂತ ನೋಡಿ. ತಿಂಗಳುಗಟ್ಟಲೆ ಕೂತಿರೋ ಜಾಹೀರಾತು ಅಂದರೆ ಆ ರೇಟಿಗೆ ಯಾರೂ ಕೊಳ್ಳುತ್ತಿಲ್ಲ ಅಂತ ಅರ್ಥ. ಹಾಕಿದ ವಾರದಲ್ಲೇ ಮಾಯವಾಗೋದೇ ನಿಜವಾದ ರೇಟ್. ಹತ್ತು ಹದಿನೈದು ದಿನ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಗೊತ್ತಾಗಿಬಿಡುತ್ತೆ.

ನನ್ನ ಅಂದಾಜು ಕೇಳಿದರೆ 82 ಹೇಳಿ, 77-78ಕ್ಕೆ ಕೊಡಿ. ಅದಕ್ಕಿಂತ ಕೆಳಗೆ ಇಳಿಯೋ ಅಗತ್ಯ ಇಲ್ಲ.

ಇನ್ನು ಆರ್‌ಸಿ. ಇದು ಮೊದಲು ಆಗಬೇಕಾದ ಕೆಲಸ. ಗಾಡಿ ನಂಬರ್ ಹಾಕಿದರೆ ಎಂಪರಿವಾಹನ್ ಆಪ್‌ನಲ್ಲಿ ಫೈನಾನ್ಸ್ ಇರೋದು ಕಾಣುತ್ತೆ. ನೋಡಿದವರು ನಿಮ್ಮ ಹತ್ತಿರ ಕೇಳೋದೂ ಇಲ್ಲ, ಸುಮ್ನೆ ಹೋಗುತ್ತಾರೆ. ಫಾರ್ಮ್ 35 ಮತ್ತು ಬ್ಯಾಂಕಿನ ಎನ್‌ಓಸಿ ಕೊಟ್ಟು ಎಚ್‌ಪಿ, ಅಂದರೆ ಆರ್‌ಸಿಯಲ್ಲಿರೋ ಬ್ಯಾಂಕ್ ಹೆಸರು, ತೆಗೆಸಿ. ಎನ್‌ಓಸಿ ಹಳೆಯದಾಗಿದ್ದರೆ ಬ್ಯಾಂಕಿನಿಂದ ಹೊಸ ತಾರೀಖಿನದು ತಗೊಳ್ಳಿ. ಎಚ್‌ಪಿ ಇರೋ ಆರ್‌ಸಿ ಇಟ್ಟುಕೊಂಡು ಒಳ್ಳೆ ರೇಟ್ ಕೇಳೋಕೆ ಆಗಲ್ಲ.

ಮಲ್ನಾಡ್_ಯೂನಿಕಾರ್ನ್

ತುಂಬಾ ಥ್ಯಾಂಕ್ಸ್ ಸರ್. ಆಪ್‌ನಲ್ಲಿ ಅದು ಕಾಣುತ್ತೆ ಅಂತ ಗೊತ್ತಿರಲಿಲ್ಲ. ಈ ವಾರವೇ ಆರ್‌ಟಿಓಗೆ ಹೋಗುತ್ತೇನೆ. ಆದರೆ ಸರ್ವಿಸ್ ಬಿಲ್‌ಗಳಿಗೆ ಏನೂ ಬೆಲೆ ಇಲ್ವಾ? ಎಕ್ಸ್‌ಟ್ರಾ ಫಿಟ್ಟಿಂಗ್‌ಗೇ ಆರೇಳು ಸಾವಿರ ಹಾಕಿದ್ದೇನೆ.

ದಾವಣಗೆರೆ_ರೈಡರ್

ಬಿಲ್‌ಗಳಿಗೆ ಬೆಲೆ ಇದೆ, ಆದರೆ ನೀವು ಖರ್ಚು ಮಾಡಿದ ಮೊತ್ತ ವಾಪಸ್ ಬರೋ ಥರ ಅಲ್ಲ. ಬಿಲ್ ಇದ್ದರೆ ಮೀಟರ್ ನಿಜ ಅಂತ ಗೊತ್ತಾಗುತ್ತೆ. ಪ್ರತಿ ಬಿಲ್‌ನಲ್ಲಿ ತಾರೀಖು, ಕಿಲೋಮೀಟರ್ ಎರಡೂ ಇರುತ್ತಲ್ಲ. ಅದನ್ನು ಸಾಲಾಗಿ ಜೋಡಿಸಿ ಒಂದು ಫೈಲ್ ಮಾಡಿ, ಗಾಡಿ ತೋರಿಸೋ ಮೊದಲು ಫೈಲ್ ಕೈಗೆ ಕೊಡಿ. ಬಂದವನು ಐದು ಸಾವಿರ ಕಡಿಮೆ ಮಾಡಿ ಅನ್ನೋಕೆ ಕಾರಣ ಹುಡುಕಬೇಕಾಗುತ್ತೆ. ಲಾಭ ಅಲ್ಲೇ ಇರೋದು.

ಎಕ್ಸ್‌ಟ್ರಾ ಫಿಟ್ಟಿಂಗ್ ನಿಮಗೆ ಬೇಕಿತ್ತು, ಹಾಕಿಸಿದಿರಿ. ಕೊಳ್ಳುವವನಿಗೆ ಬೇಕು ಅಂತ ಏನಿಲ್ಲ. ಫಾಗ್ ಲೈಟ್ ಅಂತೂ ಬಿಚ್ಚಿ, ವೈರಿಂಗ್ ಮೊದಲಿದ್ದ ಹಾಗೆ ಮಾಡಿಸಿ, ವೈರ್ ಕತ್ತರಿಸಿದ್ದು ಕಂಡರೆ ತಿಳಿದವರು ಹಿಂದೆ ಸರಿಯುತ್ತಾರೆ. ಕ್ರ್ಯಾಶ್ ಗಾರ್ಡ್ ಇರಲಿ. ಫೋನ್ ಹೋಲ್ಡರ್, ಸೀಟ್ ಕವರ್ ಮಾತು ಮುಗಿಯೋ ಹೊತ್ತಿಗೆ ಬಳಸಿ. "ಇನ್ನೊಂದು ಸಾವಿರ ಬಿಡಿ" ಅಂದಾಗ ದುಡ್ಡು ಬಿಡೋ ಬದಲು ಅದನ್ನು ಕೊಡಿ.

ಗ್ಯಾರೇಜ್_ಮೈಸೂರು

ಮೆಕ್ಯಾನಿಕ್ ಆಗಿ ಒಂದು ಮಾತು. ಒಂದು ರೌಂಡ್ ಓಡಿಸಿ ಹೋಗುತ್ತಿದ್ದಾರೆ ಅಂದಿರಿ. ಓಡಿಸೋ ಮೊದಲೇ ಹೋಗೋದು ಬೇರೆ, ಓಡಿಸಿ ಹೋಗೋದು ಬೇರೆ. ಓಡಿಸಿದಾಗ ಏನೋ ಕೈಗೆ ಸಿಕ್ಕಿರಬೇಕು. ಚೈನ್ ಸೆಟ್ ಯಾವಾಗ ಬದಲಾಯಿಸಿದ್ದು? ಹಿಂದಿನ ಸ್ಪ್ರಾಕೆಟ್‌ನ ತೀರಾ ಹಿಂಬದಿಯಲ್ಲಿ, ಗಡಿಯಾರದ ಮೂರು ಗಂಟೆ ಜಾಗದಲ್ಲಿ, ಚೈನನ್ನು ಎರಡು ಬೆರಳಲ್ಲಿ ಹಿಡಿದು ಹಿಂದಕ್ಕೆ ಎಳೆದು ನೋಡಿ. ಹಲ್ಲಿನಿಂದ ಎದ್ದು ಬಂದು ಮಧ್ಯದಲ್ಲಿ ಬೆಳಕು ಕಂಡರೆ ಚೈನ್ ಮುಗಿದಿದೆ. ಹಲ್ಲುಗಳು ಒಂದು ಕಡೆಗೆ ಬಾಗಿದ್ದರೂ ಅಷ್ಟೇ.

ಆಮೇಲೆ ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ಎತ್ತಿ ಹ್ಯಾಂಡಲನ್ನು ನಿಧಾನಕ್ಕೆ ಎಡಕ್ಕೂ ಬಲಕ್ಕೂ ತಿರುಗಿಸಿ. ನಟ್ಟ ನಡುವೆ "ಟಕ್" ಅಂತ ಒಂದು ಕಡೆ ಕೂತುಕೊಂಡ ಹಾಗೆ ಆದರೆ ಕೋನ್ ಸೆಟ್ (ಹ್ಯಾಂಡಲ್ ಬೇರಿಂಗ್) ಹೋಗಿದೆ. ನಮ್ಮ ರಸ್ತೆಗಳಲ್ಲಿ 31 ಸಾವಿರಕ್ಕೆ ಅದು ಹೋಗಿದ್ದರೆ ಆಶ್ಚರ್ಯ ಇಲ್ಲ. ದಿನಾ ಓಡಿಸೋ ನಿಮಗೆ ಅದು ಅಭ್ಯಾಸ ಆಗಿರುತ್ತೆ, ಹೊಸಬರಿಗೆ ಮೊದಲ ತಿರುವಿನಲ್ಲೇ ಗೊತ್ತಾಗುತ್ತೆ.

ಈ ಎರಡನ್ನೂ ಮಾಡಿಸಿ ಮಾರಿ. ಎರಡೂ ಸೇರಿ ಮೂರು ನಾಲ್ಕು ಸಾವಿರದೊಳಗೆ ಮುಗಿಯುತ್ತೆ. ಹಾಗೇ ಬಿಟ್ಟರೆ ಗಿರಾಕಿ ಹತ್ತು ಸಾವಿರ ಕೀಳುತ್ತಾನೆ, ಯಾಕೆಂದರೆ ಶಬ್ದ ಎಲ್ಲಿಂದ ಬರುತ್ತಿದೆ ಅಂತ ಅವನಿಗೆ ಗೊತ್ತಿಲ್ಲ, ಇಂಜಿನ್ನೇ ಇರಬೇಕು ಅಂದುಕೊಳ್ಳುತ್ತಾನೆ.

ಟೈರ್ ಮಾತ್ರ ಸುಮ್ನೆ ಬದಲಾಯಿಸಬೇಡಿ. ಟೈರಿನ ಗೆರೆಗಳೊಳಗಿನ ಸವೆತದ ಗುರುತಿನವರೆಗೆ ಸವೆದಿದ್ದರೆ ಬೇರೆ ಮಾತು. ಇಲ್ಲದಿದ್ದರೆ ಇರೋ ಹಾಗೇ ತೋರಿಸಿ. ಟೈರ್ ಪಕ್ಕದ ನಾಲ್ಕು ಅಂಕಿಯಲ್ಲಿ 1021 ಅಂತ ಇದ್ದರೆ 2021ರ ಹತ್ತನೇ ವಾರದ್ದು. ಗಾಡಿ ಜೊತೆ ಬಂದ ಟೈರ್ ಇನ್ನೂ ಇದ್ದರೆ ಕಿಲೋಮೀಟರ್ ಬಗ್ಗೆ ಅದೂ ಒಂದು ಸಾಕ್ಷಿ, ಆದರೆ 31 ಸಾವಿರಕ್ಕೆ ಹಿಂದಿನದು ಸವೆದಿರುತ್ತೆ, ಅದನ್ನು ನೀವೇ ಬಾಯಿಬಿಟ್ಟು ಹೇಳಿ ಅಷ್ಟು ಕಡಿಮೆ ಮಾಡಿ. ಪೇಂಟ್, ಪಾಲಿಶ್ ತಂಟೆಗೆ ಹೋಗಬೇಡಿ. ಟ್ಯಾಂಕಿಗೆ ಹೊಸ ಪೇಂಟ್ ಕಂಡರೆ ಗಾಡಿ ಬಿದ್ದಿತ್ತು ಅಂತಲೇ ಎಲ್ಲರೂ ತಿಳಿಯೋದು.

ಇನ್ನೊಂದು, ಗಿರಾಕಿ ಬರೋ ಮೊದಲು ಇಂಜಿನ್ ಬಿಸಿ ಮಾಡಿಡಬೇಡಿ. ತಣ್ಣಗಿರೋ ಗಾಡಿಯನ್ನು ಅವರ ಕೈಯಲ್ಲೇ ಸ್ಟಾರ್ಟ್ ಮಾಡಿಸಿ. ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗಿ, ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬರದಿದ್ದರೆ ಅರ್ಧ ವ್ಯಾಪಾರ ಆದ ಹಾಗೇ.

ಟ್ವಿನ್_ಬೆಂಗಳೂರು

ಮಧ್ಯದಲ್ಲಿ ಬರ್ತಿದ್ದೀನಿ, ಕ್ಷಮಿಸಿ. ನನ್ನದು ಇಂಟರ್‌ಸೆಪ್ಟರ್ 650. ಹೊಸ ಜಿಎಸ್‌ಟಿ ನನಗೂ ಪೆಟ್ಟು ಕೊಡುತ್ತಾ?

ದಾವಣಗೆರೆ_ರೈಡರ್

ಇಲ್ಲ, ನಿಮಗೆ ಉಲ್ಟಾ. 350 ಸಿಸಿ ಮೇಲಿನವಕ್ಕೆ ಮೊದಲು ಶೇ 28 ಜೊತೆಗೆ 3 ಸೆಸ್ ಇತ್ತು, ಈಗ ಶೇ 40. ಹೊಸದು ದುಬಾರಿ ಆದ್ದರಿಂದ ಹಳೆಯದಕ್ಕೆ ಬೇಡಿಕೆ ಇದೆ. ಅವಸರದಲ್ಲಿ ಇಳಿಸಬೇಡಿ. ಆದರೆ ಕೊಳ್ಳುವವರು ಕಡಿಮೆ, ಕಾಯಬೇಕು.

ಮಲ್ನಾಡ್_ಯೂನಿಕಾರ್ನ್

ಗ್ಯಾರೇಜ್ ಅಣ್ಣ ಹೇಳಿದ್ದು ಸರಿ ಇತ್ತು. ಕೋನ್ ಸೆಟ್ ಹೋಗಿತ್ತು, ಹಾಕಿಸಿದೆ. ಚೈನ್ ಇನ್ನೂ ಚೆನ್ನಾಗಿದೆ. ಎಚ್‌ಪಿ ತೆಗೆಯೋಕೆ ಅರ್ಜಿ ಕೊಟ್ಟಾಯಿತು. ಜಾಹೀರಾತು 82ಕ್ಕೆ ಇಳಿಸಿದೆ. ಈಗ ಇಬ್ಬರು ಗಟ್ಟಿಯಾಗಿ ಕೇಳುತ್ತಿದ್ದಾರೆ. ಒಬ್ಬರು ಭದ್ರಾವತಿಯವರು, 76 ಕೊಡ್ತಾರೆ, ಏಪ್ರಿಲ್‌ಗೆ ಇನ್ಶೂರೆನ್ಸ್ ಮುಗಿಯುತ್ತೆ ಅಂತ ಅದಕ್ಕೇ ನಾಲ್ಕು ಸಾವಿರ ಕಡಿಮೆ ಮಾಡಿ ಅಂತಾರೆ. ಇನ್ನೊಬ್ಬರು 80 ಕೊಡ್ತಾರೆ, ಆದರೆ ಹೆಸರು ಬದಲಾವಣೆ ಆಮೇಲೆ ನಿಧಾನಕ್ಕೆ ಮಾಡಿಸ್ಕೋತೀನಿ ಅಂತಾರೆ. ಏನು ಮಾಡಲಿ?

ದಾವಣಗೆರೆ_ರೈಡರ್

80ರವರನ್ನು ಈಗಲೇ ಬಿಡಿ. ಇದರಲ್ಲಿ ಎರಡನೇ ಯೋಚನೆ ಬೇಡ. ಆರ್‌ಸಿಯಲ್ಲಿ ನಿಮ್ಮ ಹೆಸರು ಇರೋವರೆಗೆ ಫೈನ್ ನಿಮಗೇ ಬರುತ್ತೆ, ಅಪಘಾತ ಆದರೆ ಪರಿಹಾರದ ಕೇಸೂ ನಿಮ್ಮ ತಲೆಗೇ. ಮಾರಿದ್ದೇನೆ, ಪತ್ರ ಇದೆ ಅಂದರೂ ನಡೆಯೋದಿಲ್ಲ, 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ: ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಓನರ್. ನಾಲ್ಕು ಸಾವಿರದ ಆಸೆಗೆ ಇಷ್ಟು ದೊಡ್ಡ ಹೊರೆ ಹೊರಬೇಡಿ.

ಭದ್ರಾವತಿಯವರ ಇನ್ಶೂರೆನ್ಸ್ ಮಾತಿಗೆ ಲೆಕ್ಕ ಕೊಡಿ. 150ರಿಂದ 350 ಸಿಸಿ ಬೈಕಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ 1,366 ರೂಪಾಯಿ, ಮೇಲೆ ಜಿಎಸ್‌ಟಿ. ನಾಲ್ಕು ಸಾವಿರ ಎಲ್ಲಿಂದ ಬಂತು? ನಿಮ್ಮದಕ್ಕೆ ಇನ್ನೂ ನಾಲ್ಕು ತಿಂಗಳು ಇದೆ. ನಾನು ಹೇಳಿದ 78ರಲ್ಲಿ ಒಂದು ಸಾವಿರ ಬಿಟ್ಟುಕೊಡಿ, ಅದು ನ್ಯಾಯ. 77ಕ್ಕೆ ನಿಲ್ಲಿ. ಹೆಸರು ಕೂಡಲೇ ಬದಲಾಯಿಸಿಕೊಳ್ಳೋ ಗಿರಾಕಿ, ಹತ್ತಿರದ ಊರಿನವರು, ಅವರನ್ನು ಕಳೆದುಕೊಳ್ಳಬೇಡಿ.

ಹಾಂ, ನಿಮ್ಮ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ) ಗಾಡಿ ಜೊತೆ ಹೋಗೋದಿಲ್ಲ, ಅದು ನಿಮ್ಮದು. ಇನ್ಶೂರೆನ್ಸ್ ಕಂಪನಿಯಿಂದ ಸರ್ಟಿಫಿಕೇಟ್ ತಗೊಂಡರೆ ಮೂರು ವರ್ಷದೊಳಗೆ ನಿಮ್ಮ ಮುಂದಿನ ಗಾಡಿಗೆ ಬಳಸಬಹುದು.

ಮಲ್ನಾಡ್_ಯೂನಿಕಾರ್ನ್

77ಕ್ಕೆ ಒಪ್ಪಿದರು! ಐದು ಸಾವಿರ ಟೋಕನ್ ಕಳಿಸಿದ್ದಾರೆ. ಎಚ್‌ಪಿ ಹೋದ ಆರ್‌ಸಿ ಬಂದ ಮೇಲೆ ಗಾಡಿ ಕೊಡೋದು ಅಂತ ಮಾತಾಗಿದೆ. ಅಲ್ಲಿವರೆಗೆ ಬೇರೆಯವರಿಗೆ ತೋರಿಸಬಹುದಾ?

ಗ್ಯಾರೇಜ್_ಮೈಸೂರು

ಟೋಕನ್ ತಗೊಂಡ ಮೇಲೆ ತೋರಿಸಬಾರದು. ಜಾಹೀರಾತು ತೆಗೆದುಬಿಡಿ. ಎಷ್ಟಕ್ಕೆ ಮಾತಾಯಿತು, ಎಷ್ಟು ಬಂದಿದೆ, ಯಾವ ತಾರೀಖಿನೊಳಗೆ ಬಾಕಿ ಕೊಡಬೇಕು ಅಂತ ಅವರಿಗೆ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ, "ಓಕೆ" ಅಂತ ಉತ್ತರ ತರಿಸಿಕೊಳ್ಳಿ.

ದಾವಣಗೆರೆ_ರೈಡರ್

ಗಾಡಿ ಕೊಡೋ ದಿನ ಬಾಕಿ 72 ಸಾವಿರ ಅಕೌಂಟಿಗೆ ಬಂದ ಮೇಲೆ ಕೀ ಕೊಡಿ. ಹೆಸರು ಬದಲಾವಣೆಯ ಫಾರ್ಮ್ 29 ಮತ್ತು 30ಕ್ಕೆ ಇಬ್ಬರೂ ಸಹಿ ಹಾಕಿ, ಖಾಲಿ ಫಾರ್ಮ್‌ಗೆ ಮಾತ್ರ ಸಹಿ ಬೇಡ. ಡೆಲಿವರಿ ಪತ್ರದಲ್ಲಿ ತಾರೀಖಿನ ಜೊತೆ ಗಂಟೆಯನ್ನೂ ಬರೆಯಿರಿ, ಮೀಟರ್ ರೀಡಿಂಗ್ ಸಮೇತ. ಮಾರಿದ್ದನ್ನು 14 ದಿನದೊಳಗೆ ಆರ್‌ಟಿಓಗೆ ತಿಳಿಸೋದು ನಿಮ್ಮ ಜವಾಬ್ದಾರಿ. ಭದ್ರಾವತಿ ಕೂಡ ಕೆಎ-14 ಆದ್ದರಿಂದ ಆರ್‌ಟಿಓ ಎನ್‌ಓಸಿ ತಾಪತ್ರಯ ಇಲ್ಲ. ಸಾಧ್ಯವಾದರೆ ಇಬ್ಬರೂ ಒಟ್ಟಿಗೇ ಹೋಗಿ ಅರ್ಜಿ ಕೊಟ್ಟು, ಆ ರಸೀದಿಯ ಫೋಟೋ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಆಪ್‌ನಲ್ಲಿ ಅವರ ಹೆಸರು ಬರೋವರೆಗೆ ವಾರಕ್ಕೊಮ್ಮೆ ನೋಡುತ್ತಿರಿ.