ಓದುಗರ ಸ್ಪಂದನ: ನಮ್ಮವರ ಬಳಿ ಕೂಲಿ ಕೇಳುವುದು ಹೇಗೆ?

ಕಳೆದ ಸಂಚಿಕೆಯಲ್ಲಿ ದಾವಣಗೆರೆಯ ಓದುಗರೊಬ್ಬರು ತಮ್ಮ ಸಂಕಟ ತೋಡಿಕೊಂಡಿದ್ದರು. ಅವರಿಗೆ ಅಂಗಡಿ ಇಲ್ಲ. ಬೈಕಿನಲ್ಲಿ ಮನೆಗಳಿಗೆ, ಆಡಿಟರ್ ಕಚೇರಿಗಳಿಗೆ, ಸಣ್ಣ ಕ್ಲಿನಿಕ್‌ಗಳಿಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುತ್ತಾರೆ. ಜಿಎಸ್‌ಟಿ ವಿವರ ಸಲ್ಲಿಸುವ ಗಡುವಿನ ಹಿಂದಿನ ರಾತ್ರಿ ಅವರ ದೊಡ್ಡಪ್ಪನ ಮಗನ ಅಂಗಡಿಯ ಕಂಪ್ಯೂಟರ್ ಕೆಟ್ಟಿತು. ಹಾರ್ಡ್ ಡಿಸ್ಕ್ ಟಕಟಕ ಸದ್ದು ಮಾಡುತ್ತಿತ್ತು. ಬೆಳಗಿನವರೆಗೆ ಕುಳಿತು ಲೆಕ್ಕಪತ್ರವನ್ನೆಲ್ಲ ಬೇರೆ ಡಿಸ್ಕಿಗೆ ಇಳಿಸಿಕೊಟ್ಟು, 1,500 ರೂಪಾಯಿ ಕೇಳಿದರು. ‘ನಮ್ಮವನೇ ಆಗಿ ನಮಗೇ ಬಿಲ್ ಕೊಡುತ್ತೀಯಾ?’ ಎಂದ ಅಣ್ಣ ಅಂದಿನಿಂದ ಮಾತು ಬಿಟ್ಟಿದ್ದಾರೆ. ಈಗ ಒಂದು ಸಂಸ್ಥೆಯಲ್ಲಿ ತಿಂಗಳಿಗೆ 16,000 ರೂಪಾಯಿಯ ಕೆಲಸ ಕರೆಯುತ್ತಿದೆ. ‘ಸಂಬಂಧ ಉಳಿಸಿಕೊಳ್ಳಲು ಈ ಕಸುಬು ಬಿಡಲೇ?’ ಎಂಬುದು ಅವರ ಪ್ರಶ್ನೆ.

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಹೆಸರುಗಳನ್ನು ಕೈಬಿಟ್ಟಿದ್ದೇವೆ. ಮೊದಲನೆಯದು ಅತಿ ಚಿಕ್ಕದು.

*

ತಮ್ಮಾ, ನಾನು ದಾವಣಗೆರೆ ಎಪಿಎಂಸಿಯಲ್ಲಿ ದಲಾಲಿ ಮಾಡುವವನು. ಇಲ್ಲಿ ಚೀಲ ಬಿಚ್ಚುವ ಮೊದಲು ದರದ ಮಾತಾಗುತ್ತದೆ. ನೀನು ರಾತ್ರಿಯಿಡೀ ದುಡಿದು ಬೆಳಗ್ಗೆ ದರ ಹೇಳಿದೆ. ಜಗಳ ಹುಟ್ಟಿದ್ದು ಅಲ್ಲಿ. ಮೊದಲು ಹೇಳು, ಆಮೇಲೆ ಸ್ಕ್ರೂ ಬಿಚ್ಚು. ಕಸುಬು ಬಿಡುವ ಮಾತು ಬೇಡ.

— ವರ್ತಕ, ದಾವಣಗೆರೆ

*

ಇದೇ ಮಾತನ್ನು ಕಾನೂನಿನ ಭಾಷೆಯಲ್ಲಿ ಹೇಳಿದವರೂ ಇದ್ದಾರೆ.

*

ಮಾನ್ಯರೇ, ಭಾರತೀಯ ಒಪ್ಪಂದ ಕಾಯ್ದೆ, 1872ರ 170ನೇ ಕಲಂ ನಿಮ್ಮಂಥವರಿಗಾಗಿಯೇ ಇದೆ. ದುರಸ್ತಿಗೆ ಬಂದ ವಸ್ತುವಿನ ಮೇಲೆ ಶ್ರಮವನ್ನೋ ಕೌಶಲವನ್ನೋ ವ್ಯಯಿಸಿದವನು, ಬೇರೆ ಒಪ್ಪಂದ ಇಲ್ಲದಿದ್ದರೆ, ತನ್ನ ಕೂಲಿ ಸಲ್ಲುವವರೆಗೆ ಆ ವಸ್ತುವನ್ನು ತನ್ನ ಬಳಿ ಇಟ್ಟುಕೊಳ್ಳಬಹುದು. ಕಾಯ್ದೆಯೇ ಎರಡು ಉದಾಹರಣೆ ಕೊಡುತ್ತದೆ. ಒರಟು ವಜ್ರವನ್ನು ಕತ್ತರಿಸಿ ಹೊಳಪು ಕೊಟ್ಟ ಆಭರಣಕಾರನಿಗೆ ಈ ಹಕ್ಕಿದೆ. ಮೂರು ತಿಂಗಳ ಸಾಲ ಒಪ್ಪಿ ಕೋಟು ಹೊಲಿದ ದರ್ಜಿಗೆ ಇಲ್ಲ. ‘ಆಮೇಲೆ ಕೊಡಿ ಬಿಡಿ’ ಎಂದು ನೀವು ಸಂಕೋಚದಿಂದ ಆಡುವ ಮಾತು ನಿಮ್ಮನ್ನು ಆ ದರ್ಜಿಯ ಸ್ಥಾನಕ್ಕೆ ತಳ್ಳಬಹುದು. ವಸ್ತುವನ್ನು ಹಿಂದಿರುಗಿಸಿದರೂ ಈ ಹಕ್ಕು ಹೋಗುತ್ತದೆ. ಗಿರಾಕಿಯ ಜಾಗದಲ್ಲೇ ಕುಳಿತು ಕೆಲಸ ಮಾಡುವ ನಿಮಗೆ ಇಟ್ಟುಕೊಳ್ಳಲು ಏನೂ ಇರುವುದಿಲ್ಲ. ಆದ್ದರಿಂದ ಕೆಲಸಕ್ಕೆ ಮುಂಚೆ ವಾಟ್ಸ್‌ಆ್ಯಪ್‌ನಲ್ಲಿ ದರ ಕಳುಹಿಸಿ, ‘ಆಗಲಿ’ ಎಂಬ ಉತ್ತರ ಪಡೆಯಿರಿ. ಅಣ್ಣನ ಮೇಲೆ ದಾವೆ ಹೂಡಿ ಎಂದು ನಾನು ಹೇಳುತ್ತಿಲ್ಲ. ಹಕ್ಕು ಇದೆ ಎಂದು ತಿಳಿದವನು ತಲೆ ತಗ್ಗಿಸದೆ ಕೇಳಬಲ್ಲ, ಅಷ್ಟೇ.

— ವಕೀಲ, ಚಿತ್ರದುರ್ಗ

*

ಮುಂದಿನ ಪತ್ರ ದೀರ್ಘವಾಗಿದೆ. ಕತ್ತರಿಸಲು ನಮಗೆ ಮನಸ್ಸು ಬರಲಿಲ್ಲ.

*

ಅಣ್ಣಾ, ನಿಮ್ಮ ಪತ್ರವನ್ನು ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ ಓದಿದೆ. ಓದಿದ ಮೇಲೆ ತರಗತಿಗೆ ಹೋಗಲಾಗಲಿಲ್ಲ.

ನನ್ನ ತಂದೆ ಚಿತ್ರದುರ್ಗದಲ್ಲಿ ಟಿವಿ, ರೇಡಿಯೊ ರಿಪೇರಿ ಮಾಡುತ್ತಿದ್ದರು. ಸಂತೆಹೊಂಡದ ಹತ್ತಿರ ಒಂದು ಗಲ್ಲಿಯಲ್ಲಿ ಅಂಗಡಿ. ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲಿ ನಿಲ್ಲಬೇಕು, ಅಷ್ಟು ಜಾಗ. ಆಗ ದಾವಣಗೆರೆ ಇನ್ನೂ ನಮ್ಮ ಜಿಲ್ಲೆಯಲ್ಲೇ ಇತ್ತು. ಬೇಕಾದ ಬಿಡಿಭಾಗ ಸಿಗದಿದ್ದರೆ ಅಪ್ಪ ಬೆಳಗಿನ ಬಸ್ಸಿಗೆ ದಾವಣಗೆರೆಗೆ ಹೋಗಿ ತರುತ್ತಿದ್ದರು. ಆ ಬಸ್ ಚಾರ್ಜನ್ನು ಯಾರ ಬಿಲ್ಲಿಗೂ ಸೇರಿಸುತ್ತಿರಲಿಲ್ಲ.

ಪ್ಲಗ್ ಕಿತ್ತ ಮೇಲೂ ಹಳೆಯ ಟಿವಿಯ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರುತ್ತದೆ. ಅದನ್ನು ಮೊದಲು ಭೂಮಿಗೆ ಇಳಿಸಿ ಆಮೇಲೆ ಕೈ ಹಾಕಬೇಕು. ಒಮ್ಮೆ ಅವಸರದಲ್ಲಿ ಅಪ್ಪನಿಗೆ ಅದು ಹೊಡೆದು, ಹಿಂದಿನ ಗೋಡೆಗೆ ಬಿದ್ದರು. ಅವಸರ ಮಾಡಿದ್ದು ಯಾರು ಎಂದರೆ ಊರಿನ ಒಬ್ಬ ದೊಡ್ಡ ಮನುಷ್ಯರು. 1996ರ ವಿಶ್ವಕಪ್. ಬೆಂಗಳೂರಿನಲ್ಲಿ ಭಾರತ–ಪಾಕಿಸ್ತಾನ ಕ್ವಾರ್ಟರ್ ಫೈನಲ್. ಅಷ್ಟರೊಳಗೆ ಅವರ ಟಿವಿ ಸಿದ್ಧವಾಗಬೇಕಿತ್ತು. ಆಯಿತು. ಆಳು ಬಂದು ಹೊತ್ತುಕೊಂಡು ಹೋದ. ‘ಯಜಮಾನರು ಆಮೇಲೆ ಕೊಡುತ್ತಾರಂತೆ’ ಎಂದ. ಅಪ್ಪ ‘ಆಗಲಿ, ಅವರೆಲ್ಲಿಗೆ ಹೋಗುತ್ತಾರೆ’ ಎಂದರು. ಆ ಹಣ ಬರಲಿಲ್ಲ. ದೊಡ್ಡ ಮನುಷ್ಯರು ನಿಜಕ್ಕೂ ಎಲ್ಲಿಗೂ ಹೋಗಲಿಲ್ಲ. ದಿನಾ ಅಂಗಡಿಯ ಮುಂದೆಯೇ ಓಡಾಡುತ್ತಿದ್ದರು, ಅಪ್ಪ ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದರು.

ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು. ವಿಜ್ಞಾನ ಓದಬೇಕೆಂಬ ಆಸೆ. ಕಾಲೇಜಿನ ಶುಲ್ಕ, ಟ್ಯೂಷನ್ ಎಲ್ಲ ಸೇರಿದ ಹಣಕ್ಕಿಂತ ಅಪ್ಪನಿಗೆ ಬರಬೇಕಾದ ಬಾಕಿಯೇ ಹೆಚ್ಚಿತ್ತು. ಅದನ್ನು ಲೆಕ್ಕ ಹಾಕಿದವಳು ನಾನೇ. ಅವರ ಪುಸ್ತಕ ತೆರೆದು, ಹೆಸರು ಹೆಸರು ಕೂಡಿಸಿ ತೋರಿಸಿದೆ. ‘ಇವರೆಲ್ಲ ನಮ್ಮವರು ಕಣಮ್ಮ’ ಎಂದು ಪುಸ್ತಕ ಮುಚ್ಚಿದರು. ಅಮ್ಮ ಬೆಂಡೋಲೆ ಮಾರಿದಳು. ಆ ದುಡ್ಡು ಮನೆ ಬಾಡಿಗೆಗೆ ಹೋಯಿತು. ನಾನು ಕಲಾ ವಿಭಾಗಕ್ಕೆ ಸೇರಿದೆ.

ಅಪ್ಪ ತೀರಿಕೊಂಡಾಗ ತುಂಬಾ ಜನ ಬಂದರು. ಬಂದವರೆಲ್ಲರ ಬಾಯಲ್ಲೂ ಒಂದೇ ಮಾತು: ‘ದೇವರಂಥ ಮನುಷ್ಯ, ಒಂದು ದಿನ ಬಾಯಿ ಬಿಟ್ಟು ದುಡ್ಡು ಕೇಳಲಿಲ್ಲ.’ ಹೆಣದ ಮುಂದೆ ಕುಳಿತು ಆ ಹೊಗಳಿಕೆ ಕೇಳಿದ್ದೇನೆ. ಹೇಳಿದವರಲ್ಲಿ ಎಷ್ಟೋ ಜನರ ಹೆಸರು ಆ ಪುಸ್ತಕದಲ್ಲಿತ್ತು. ನನ್ನ ಸಿಟ್ಟು ಅವರ ಮೇಲಿನದು ಎಂದು ತುಂಬಾ ವರ್ಷ ಅಂದುಕೊಂಡಿದ್ದೆ. ನಿಮ್ಮ ಪತ್ರ ಓದಿದ ದಿನ ತಿಳಿಯಿತು, ಅದು ಅಪ್ಪನ ಮೇಲಿನದು. ಅವರು ನಮಸ್ಕಾರ ಮಾಡುವ ಬದಲು ಒಂದು ಸಲ ಕೇಳಬಹುದಿತ್ತು. ಕೇಳಿದ್ದರೆ ಏನಾಗುತ್ತಿತ್ತು? ಯಜಮಾನರು ಮಾತು ಬಿಡುತ್ತಿದ್ದರು, ಅಷ್ಟು ತಾನೇ?

ನೀವು ಕೇಳಿದ್ದೀರಿ. ಕೇಳಿದ್ದಕ್ಕೆ ನಿಮ್ಮ ಅಣ್ಣ ಮಾತು ಬಿಟ್ಟಿದ್ದಾರೆ. ಬಿಡಲಿ. ನಿಮಗೆ ಮಕ್ಕಳಿದ್ದಾರೋ ಇಲ್ಲವೋ ನೀವು ಬರೆದಿಲ್ಲ. ಇದ್ದರೆ, ನೀವು ಕೇಳಿದಿರಿ ಎಂಬುದು ಅವರಿಗೆ ಗೊತ್ತಾಗಲಿ.

— ಶಿಕ್ಷಕಿ, ಹೊಳಲ್ಕೆರೆ

*

ಇದಕ್ಕೆ ತೀರಾ ವಿರುದ್ಧವಾದ ಒಂದು ಮಾತನ್ನೂ ಹಾಕುತ್ತಿದ್ದೇವೆ. ಹಾಗೆ ನಂಬುವ ಹಿರಿಯರು ನಮ್ಮ ಊರುಗಳಲ್ಲಿ ಬೇಕಾದಷ್ಟಿದ್ದಾರೆ.

*

ದೊಡ್ಡಪ್ಪನ ಮನೆಯಲ್ಲಿ ಉಂಡು ಬೆಳೆದವರು ಒಂದು ರಾತ್ರಿಯ ನಿದ್ದೆಗೆ ಲೆಕ್ಕ ಬರೆಯುವುದು ಸರಿಯಲ್ಲ. ನಿಮ್ಮ ಮದುವೆಗೆ ಅವರು ಮುಯ್ಯಿ ಮಾಡಿರುತ್ತಾರೆ, ಚಪ್ಪರಕ್ಕೆ ಹೆಗಲು ಕೊಟ್ಟಿರುತ್ತಾರೆ. ಅದಕ್ಕೆ ಅವರು ಬಿಲ್ ಕಳುಹಿಸಿದರೇ? ಹೊರಗಿನವರ ಬಳಿ ಎರಡು ಪಟ್ಟು ಕೇಳಿ, ಒಳಗಿನವರನ್ನು ಬಿಡಿ.

— ಹಿರಿಯ ಓದುಗ, ಚನ್ನಗಿರಿ

*

ಮುಯ್ಯಿ ಎರಡೂ ಕಡೆಯಿಂದ ನಡೆಯುವ ವ್ಯವಹಾರ ಎಂಬುದನ್ನು ಹಿರಿಯರಿಗೆ ನಾವು ನೆನಪಿಸಬೇಕಿಲ್ಲ. ಹೊರಗಿನವರು ಎರಡು ಪಟ್ಟು ಏಕೆ ಕೊಡಬೇಕು ಎಂಬುದು ಮಾತ್ರ ನಮಗೆ ಹೊಳೆಯಲಿಲ್ಲ.

ಕೇಳಿದ ಪ್ರಶ್ನೆಯನ್ನು ಬಿಟ್ಟು, ಕೇಳದ ಪ್ರಶ್ನೆಗೆ ಉಪಯುಕ್ತ ಉತ್ತರ ಕೊಟ್ಟಿದ್ದಾರೆ ಇವರು:

*

ಎಂಜಿನಿಯರಿಂಗ್ ಕಾಲೇಜೊಂದರ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತನಾದವನು ನಾನು. ಸದ್ದು ಮಾಡುವ ಡಿಸ್ಕನ್ನು ಸರಿಪಡಿಸಲು ಹೋಗದೆ ಮೊದಲು ಅದರಲ್ಲಿದ್ದುದನ್ನು ಬೇರೆ ಡಿಸ್ಕಿಗೆ ಇಳಿಸಿಕೊಂಡಿರಿ ಎಂದು ಓದಿ ಸಂತೋಷವಾಯಿತು. ಅಂಥ ಡಿಸ್ಕಿನ ಮೇಲೆ ದೋಷ ಹುಡುಕುವ ತಂತ್ರಾಂಶ ಓಡಿಸಿ, ಉಳಿದಿದ್ದನ್ನೂ ಕಳೆಯುವವರನ್ನು ಕಂಡಿದ್ದೇನೆ. ನಿಮ್ಮ ಅಣ್ಣನಿಗೆ ಸಿಕ್ಕಿದ್ದು ಆ ವಿವೇಕ. 1,500 ರೂಪಾಯಿ ಅದಕ್ಕೆ ಕಡಿಮೆಯೇ.

ಈಗ ಕಸುಬು ಬಿಡುವ ಕಾಲವಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ, ಅಂದರೆ ಮೈಕ್ರೊಸಾಫ್ಟ್ ಎಲ್ಲರಿಗೂ ಕಳುಹಿಸುತ್ತಿದ್ದ ಭದ್ರತಾ ಪರಿಷ್ಕರಣೆ, 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಆ ವಿಂಡೋಸ್ ಒಪ್ಪುವ ಪ್ರೊಸೆಸರ್ ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ಪೀಳಿಗೆ ಅಥವಾ ಅದಕ್ಕಿಂತ ಹೊಸದು. ಆಡಿಟರ್ ಕಚೇರಿಗಳಲ್ಲಿ, ಅಕ್ಕಿ ಗಿರಣಿಗಳಲ್ಲಿ, ಕ್ಲಿನಿಕ್‌ಗಳಲ್ಲಿ ಅದಕ್ಕಿಂತ ಹಳೆಯ ಯಂತ್ರಗಳೇ ಎಷ್ಟೋ ಇವೆ. ಯಾವುದನ್ನು ಬದಲಿಸಬೇಕು, ಯಾವುದಕ್ಕೆ ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಹಾಕಿ, ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಕೂರಿಸಿದರೆ ಸಾಕು ಎಂದು ಹೇಳುವವರು ಅವರಿಗೆ ಬೇಕು. ವರ್ಷದ ಗುತ್ತಿಗೆ ಕೇಳಿ. ತಿಂಗಳಿಗೊಮ್ಮೆ ಹೋಗಿ ಧೂಳು ತೆಗೆಯುವುದು, ಬ್ಯಾಕಪ್ ನೋಡುವುದು, ಯುಪಿಎಸ್ ಬ್ಯಾಟರಿ ಪರೀಕ್ಷಿಸುವುದು. ಹತ್ತಾರು ಕಚೇರಿ ಸಿಕ್ಕರೆ ಆ ಸಂಬಳದ ಆಸೆ ಬೇಕಿಲ್ಲ. ಒಂದು ಕಟ್ಟುನಿಟ್ಟು ಮಾತ್ರ ಇರಲಿ: ಕಳ್ಳ ವಿಂಡೋಸ್ ಹಾಕಿಕೊಡಬೇಡಿ. ಅಗ್ಗದ ಕೆಲಸ ಮಾಡಿಕೊಟ್ಟವನಿಗೆ ಅಗ್ಗದ ಗಿರಾಕಿಗಳೇ ಸೇರುತ್ತಾರೆ.

— ನಿವೃತ್ತ ಬೋಧಕ ಸಿಬ್ಬಂದಿ, ದಾವಣಗೆರೆ

*

ಅಣ್ಣಾ, ನನ್ನ ಯಜಮಾನರದ್ದೂ ಇದೇ ಕೆಲಸ. ನೀವು ಅಣ್ಣನ ಬಗ್ಗೆ ಅಷ್ಟು ಬರೆದಿರಿ, ಹೆಂಡತಿ ಏನೆನ್ನುತ್ತಾರೆ ಎಂದು ಬರೆಯಲಿಲ್ಲ. ಊಟದ ಮೇಜಿನ ಮೇಲೆ ಯಾರದೋ ಸಿಪಿಯು ಬಿಚ್ಚಿಟ್ಟಿರುತ್ತದೆ. ಇವರು ಹೊರಗಿದ್ದಾಗ ಗಿರಾಕಿ ಬಂದರೆ ಉತ್ತರ ಕೊಡುವವಳು ನಾನು. ‘ಇನ್ನೂ ಆಗಿಲ್ಲವೇ?’ ಎಂದು ಗದರಿಸಿಕೊಳ್ಳುವವಳೂ ನಾನೇ. ಈಗ ಹಣದ ಮಾತನ್ನು ನಾನೇ ವಹಿಸಿಕೊಂಡಿದ್ದೇನೆ. ಬಾಗಿಲ ಬಳಿ ದರಪಟ್ಟಿ ಅಂಟಿಸಿದ್ದೇನೆ: ನೋಡಿ ಹೇಳುವುದಕ್ಕೆ ಇಷ್ಟು, ಮನೆಗೆ ಬರುವುದಕ್ಕೆ ಇಷ್ಟು, ಡೇಟಾ ತೆಗೆಯುವುದಕ್ಕೆ ಇಷ್ಟು. ನಮ್ಮ ತವರಿನವರಿಗೂ ಅದೇ ದರ. ಇಷ್ಟವಿದ್ದರೆ ನಾನು ರಿಯಾಯಿತಿ ಕೊಡುತ್ತೇನೆ, ಆದರೆ ಪೂರ್ತಿ ದರ ಬರೆದು ಅದರಲ್ಲಿ ಕಳೆದು ತೋರಿಸುತ್ತೇನೆ. ಎಷ್ಟು ಬಿಟ್ಟೆವು ಎಂಬುದು ಅವರಿಗೂ ತಿಳಿಯಬೇಕು. ಸಂಬಳದ ಕೆಲಸಕ್ಕೆ ಹೋಗುವುದೋ ಬಿಡುವುದೋ ಎಂಬುದನ್ನು ಪತ್ರಿಕೆಗೆ ಬರೆದು ಕೇಳುವ ಮುನ್ನ ಅತ್ತಿಗೆಯನ್ನು ಕೇಳಿ.

— ಗೃಹಿಣಿ, ನಿಟ್ಟುವಳ್ಳಿ

*

ಪೂರ್ತಿ ದರ ಬರೆದು ಕಳೆದು ತೋರಿಸುವ ಪದ್ಧತಿಯನ್ನು ಪತ್ರ ಬರೆದವರು ಒಮ್ಮೆ ಪರಿಶೀಲಿಸಬಹುದು ಎಂದು ನಮಗೂ ಅನ್ನಿಸಿತು. ಅಣ್ಣನಿಗೂ ಅಂಥ ಚೀಟಿಯೊಂದು ಹೋದರೆ ತಪ್ಪಿಲ್ಲ. ಕೊನೆಯದು ಅಂಚೆ ಕಾರ್ಡಿನಲ್ಲಿ ಬಂದ ಪತ್ರ.

*

ಸರ್, ನಾನು ಐಟಿಐ ಮುಗಿಸಿದ್ದೇನೆ. ಮದರ್‌ಬೋರ್ಡ್ ಕೆಲಸ ಕಲಿಯಬೇಕೆಂಬ ಆಸೆ ಇದೆ. ನಮ್ಮಲ್ಲಿ ಹೇಳಿಕೊಡುವವರಿಲ್ಲ. ನೀವು ಕಸುಬು ಬಿಡುವುದಾದರೆ ಬಿಡುವ ಮುಂಚೆ ನನಗೆ ಕಲಿಸುತ್ತೀರಾ? ಬಿಡದಿದ್ದರೆ ನಿಮ್ಮ ಜೊತೆ ಬರುತ್ತೇನೆ. ಸಂಬಳ ಮೊದಲೇ ಮಾತಾಡೋಣ.

— ಯುವಕ, ಹರಿಹರ

*

ಈ ಯುವಕನ ವಿಳಾಸವನ್ನು ಪತ್ರ ಬರೆದವರಿಗೆ ತಲುಪಿಸಿದ್ದೇವೆ. ಸಂಬಳದ ಕೆಲಸಕ್ಕೆ ಉತ್ತರ ಕೊಡಲು ತಿಂಗಳ ಕೊನೆಯವರೆಗೆ ಸಮಯ ಕೇಳಿಕೊಂಡಿರುವುದಾಗಿ ಅವರು ದೂರವಾಣಿಯಲ್ಲಿ ತಿಳಿಸಿದ್ದಾರೆ. ಅಲ್ಲಿಯವರೆಗೆ ಬರುವ ಪತ್ರಗಳನ್ನೂ ಅವರಿಗೆ ಕಳುಹಿಸಿಕೊಡುತ್ತೇವೆ.

— ಸಂಪಾದಕ